ಹಿಂದಕ್ಕೆ ಒತ್ತಿದರೆ ಹೊರಗೆ

ಮನೆಮನೆ ಆರೋಗ್ಯ ಸಮೀಕ್ಷೆಗೆಂದು ನಾನು ಬರೆದ ಆಪ್ ಹೇಗೆ ನಡೆಯುತ್ತದೆಂದು ನೋಡಲು ಕಾಮಗೆರೆಗೆ ಹೋಗಿದ್ದೆ. ಆಶಾ ಕಾರ್ಯಕರ್ತೆ ಮಾದಮ್ಮ ಒಂದು ಮನೆಯ ಜಗಲಿಯ ಮೇಲೆ ಕೂತು, ಒಂಬತ್ತು ಜನರ ಸಂಸಾರದ ವಿವರವನ್ನೆಲ್ಲ ಅಲ್ಲಿನ ಅಜ್ಜಿಯಿಂದ ಕೇಳಿ ತುಂಬಿದರು. ಕೊನೆಗೆ ಒಬ್ಬರ ವಯಸ್ಸು ತಿದ್ದಲು ಫೋನಿನ ಬ್ಯಾಕ್ ಬಟನ್ ಒತ್ತಿದರು. ಆಪ್ ಮುಚ್ಚಿಕೊಂಡಿತು, ತುಂಬಿದ್ದೆಲ್ಲ ಹೋಯಿತು.

"ಅದನ್ನ ಒತ್ತಬಾರ್ದು ಮೇಡಂ. ಮೇಲೆ ಬಾಣದ ಗುರುತಿದೆಯಲ್ಲ, ಅದನ್ನ ಒತ್ಬೇಕು," ಎಂದೆ.

"ಎಲ್ಲಾ ಆಪಲ್ಲೂ ಇದ್ನೇ ಒತ್ತೋದು ಸಾ. ಒಂದೆಜ್ಜೆ ಇಂದಕ್ಕೋಗು ಅಂದ್ರೆ ನಿಮ್ದು ಮನೆಯಿಂದ್ಲೇ ಆಚ್ಕೆ ತಳ್ಬುಡ್ತದೆ!"

ಅವರು ಮತ್ತೆ ಮೊದಲಿಂದ ಶುರುಮಾಡಿದರು. ಅಭ್ಯಾಸದಿಂದ ಬೆರಳು ಮತ್ತೆ ಅಲ್ಲಿಗೇ ಹೋಯಿತು, ತುಂಬಿದ್ದೆಲ್ಲ ಮತ್ತೆ ಅಳಿಸಿಹೋಯಿತು. ಅಜ್ಜಿ ಮೂರು ಸಲವೂ ಬೇಸರಿಸದೆ, ಸೊಸೆಯರ ತವರೂರಿನ ಸಮೇತ ಎಲ್ಲ ಹೇಳಿದರು.

ಆ ವಾರವೇ ಆಪ್ ತಿದ್ದಿದೆ. ಈಗ ಬ್ಯಾಕ್ ಒತ್ತಿದರೆ ಒಂದೇ ಪುಟ ಹಿಂದಕ್ಕೆ ಹೋಗುತ್ತದೆ, ತುಂಬಿದ್ದು ಹಾಗೇ ಉಳಿಯುತ್ತದೆ. ಮುಂದಿನ ತಿಂಗಳು ಅದೇ ಮನೆಯಲ್ಲಿ ಕಾಲು ಗಂಟೆಗೇ ಕೆಲಸ ಮುಗಿಯಿತು. ಮಾದಮ್ಮ ನಕ್ಕರು. ಅಜ್ಜಿ ಮಾತ್ರ ಮುಖ ಸಿಂಡರಿಸಿದರು.

"ಓದ್ಸಲ ಎಷ್ಟ್ ಚೆಂದಾಗಿ ಮೂರ್ ಮೂರ್ ಸಲ ಕೇಳುದ್ರಿ. ಈಗ ಆಗ್ಲೇ ಎದ್ದೋಯ್ತೀರಾ?"

ಆಪ್ ಸರಿಮಾಡಿದ್ದಕ್ಕೆ ನಾನು ಕ್ಷಮೆ ಕೇಳಿದ್ದು ಅದೊಂದೇ ಸಲ.