ಪ್ರದಕ್ಷಿಣೆಯ ವೈರು ಮತ್ತು ಶಾಂತಕ್ಕ

ಸಿಟ್ಟು ಬಂದರೆ ಶಾಂತಕ್ಕ ಕೂಗಾಡುತ್ತಿರಲಿಲ್ಲ, ಸೌತೆಕಾಯಿ ಕಡಿಯುತ್ತಿದ್ದಳು. ‘ಕರ್’ ಎಂದು ಸದ್ದಾದರೆ ಇಡೀ ಪ್ರಯೋಗಾಲಯ ಬಾಯಿ ಮುಚ್ಚುತ್ತಿತ್ತು. ಊರಮಂದಿಯ ಅಣಕು ಮಾಡುವ ನಾನು ಆ ಸದ್ದನ್ನೂ ಮಾಡಬಲ್ಲೆ. ನನ್ನ ಸಂಶೋಧನೆಯಲ್ಲಿ ಪಕ್ಕಾ ಫಲಿತಾಂಶ ಬಂದಿದ್ದು ಅದೊಂದೇ.

ತನ್ನೂರು ಶಲವಡಿಯ ಹೊಲದಿಂದ ಅವಳು ತರುತ್ತಿದ್ದ ಸೌತೆಕಾಯಿಗೆ ಇನ್ನೊಂದು ಕೆಲಸವೂ ಇತ್ತು. ಉಪ್ಪುನೀರಿನ ದುಂಡು ತೊಟ್ಟಿಯೊಳಗೆ ಅದನ್ನು ನಿಲ್ಲಿಸಿ, ಅಂಚಿನ ಸುತ್ತ ಹಚ್ಚಿದ ಲೋಹದ ಪಟ್ಟಿಗಳಿಂದ ಸಣ್ಣ ಕರೆಂಟು ಹಾಯಿಸಿದರೆ, ಕಾಯಿ ಎಲ್ಲಿದೆಯೆಂದು ಕಂಪ್ಯೂಟರು ಚಿತ್ರ ಬಿಡಿಸಬೇಕು. ರೋಗಿಯ ಎದೆಗೆ ಪಟ್ಟಿ ಸುತ್ತಿ ಶ್ವಾಸಕೋಶ ನೋಡುವುದೂ ಇದೇ ಉಪಾಯದಿಂದ. ಶಾಂತಕ್ಕನ ಪಿಎಚ್‌ಡಿ ಆ ತೊಟ್ಟಿಯಲ್ಲೇ ತೇಲುತ್ತಿತ್ತು.

ಪಟ್ಟಿಗಳಿಗೆ ವೈರು ಹಾಕಿಸಿದವರು ನಮ್ಮಿಬ್ಬರ ಗೈಡ್ ಸರ್. ತೊಟ್ಟಿಗೆ ಊದಿನಕಡ್ಡಿ ಬೆಳಗಿ, ಒಂದನೇ ನಂಬರಿನಿಂದ ಬಲಕ್ಕೆ ಸುತ್ತಿಸಿದರು. “ಯಾವ ಕೆಲಸ ಇರ್ಲಿ, ಪ್ರದಕ್ಷಿಣಿ ಹಾಕಿದಂಗ ಹೋಗ್ಬೇಕು!” ತಾವು ಕಾಯಿ ಇಟ್ಟಾಗಲೆಲ್ಲ ಸರ್ ಒಂದನೇ ಪಟ್ಟಿಯ ಮುಂದೆಯೇ ಇಡುತ್ತಿದ್ದರು. ಚಿತ್ರ ಸರಿಯಾಗಿ ಬರುತ್ತಿತ್ತು. ಶಾಂತಕ್ಕ ಎಡಕ್ಕೆ ಇಟ್ಟರೆ ಬಲಕ್ಕೆ ಕಾಣುತ್ತಿತ್ತು.

“ಎಡಾ ಬಲಾ ತಿಳೀದಾಕಿ ಡಾಕ್ಟರ್ ಆಗ್ತಾಳಂತ!” ಎಂದರು ಸರ್, ತುಂಬಿದ ಪ್ರಯೋಗಾಲಯದಲ್ಲಿ. “ನಾ ಇಟ್ರ ಬರ್ತೈತಿ, ನೀ ಇಟ್ರ ಯಾಕ ಬರೂದಿಲ್ಲ? ವೈವಾದಾಗ ಹಿಂಗಾತಂದ್ರ ನಿನ್ನ ಡಿಗ್ರಿ ಮರತಬಿಡು.”

ಕರ್.

ಮರುದಿನ ಅವಳು ಕಾಯಿಯನ್ನು ಒಂದೊಂದೇ ಪಟ್ಟಿಯ ಮುಂದೆ ಇಡುತ್ತ ಹೋದಳು. ಒಂದನೆಯದರ ಮುಂದೆ ಮತ್ತು ಅದರ ನೇರ ಎದುರಿಗೆ ಮಾತ್ರ ಸರಿ. ಉಳಿದ ಕಡೆಯೆಲ್ಲ ಕನ್ನಡಿಯಲ್ಲಿ ಕಂಡಂತೆ ಅದಲುಬದಲು. ವೈರು ಬಲಕ್ಕೆ ಸುತ್ತಿತ್ತು, ಕಂಪ್ಯೂಟರು ಎಡಕ್ಕೆ ಎಣಿಸುತ್ತಿತ್ತು.

“ಸರಗ ಹೇಳೂಣ ನಡೀ ಅಕ್ಕಾ.”

“ಹೇಳೂಣು, ವೈವಾದಾಗ. ಎಲ್ಲಾರ ಮುಂದ ಅಂದಾರ, ಎಲ್ಲಾರ ಮುಂದನ ಕೇಳ್ಲಿ. ಅಲ್ಲೀತನಕಾ ನೀ ಮಂಗ್ಯಾನಂಗ ಮಾರಿ ಮಾಡಬ್ಯಾಡ, ಗೊತ್ತಾಗ್ತೈತಿ.”

ವೈವಾದ ದಿನ ಪರವೂರಿನ ಪರೀಕ್ಷಕರ ಎದುರು ಅವಳು ತೊಟ್ಟಿಗೆ ಬಟ್ಟೆ ಮುಚ್ಚಿದಳು. ಕಂಪ್ಯೂಟರಿನಲ್ಲಿ ಕಾಯಿ ಬಲಕ್ಕೆ ಕಂಡಿತು. “ಸರ, ನೀವ ತಗದು ತೋರಸ್ರಿ. ನಿಮ್ಮ ಕೈಗುಣ ಛಲೋ ಐತಿ.” ಸರ್ ಉಬ್ಬಿಹೋಗಿ, ಅಂಗಿಯ ತೋಳು ಮಡಚುವುದನ್ನೂ ಮರೆತು, ಬಟ್ಟೆಯಡಿ ಕೈ ಹಾಕಿದರು. ಬಲಕ್ಕೆ ತಡಕಿದರು, ತಡಕಿದರು. ಸಿಕ್ಕಿದ್ದು ಉಪ್ಪುನೀರು.

“ಪ್ರದಕ್ಷಿಣಿ ಹಾಕ್ಸಿದವರು ನೀವರಿ ಸರ. ಕಂಪ್ಯೂಟರಿಗೆ ಆ ಪದ್ಧತಿ ಗೊತ್ತಿಲ್ರಿ.” ಕಂಪ್ಯೂಟರಿನ ಎಣಿಕೆಯನ್ನು ತಿರುಗಿಸಿದಳು. ಚಿತ್ರ ಎಡಕ್ಕೆ ಜಿಗಿಯಿತು. ಎಡದಿಂದಲೇ ಕಾಯಿ ತೆಗೆದು, ಸೆರಗಿಗೆ ಒರೆಸಿ, ಸರ್ ಮುಖವನ್ನೇ ನೋಡುತ್ತ ಕಡಿದಳು. ಕರ್. ಪರೀಕ್ಷಕರು ನಗುತ್ತಲೇ ಪಾಸು ಮಾಡಿದರು. ಸರ್ ತೋಳಿನಿಂದ ಮಾತ್ರ ನೀರು ತೊಟ್ಟಿಕ್ಕುತ್ತಲೇ ಇತ್ತು.

ಬೇರೆ ಕಾಲೇಜಿಗೆ ಮೇಡಂ ಆಗಿ ಹೊರಟ ದಿನ ಅವಳು ಕಂಪ್ಯೂಟರಿನ ಎಣಿಕೆಯನ್ನು ಮತ್ತೆ ಮೊದಲಿನಂತೆ ಎಡಕ್ಕೇ ತಿರುಗಿಸಿಟ್ಟಳು. “ವೈರ ಬಿಚ್ಚಿ ಸರಿ ಮಾಡ್ಲ್ಯಾ ಅಕ್ಕಾ?” ಎಂದೆ.

“ಕೈ ಹಚ್ಚಬ್ಯಾಡ! ಹಂಗ ಇರ್ಲಿ. ಹೊಸಾ ಹುಡುಗರು ಬಂದಾಗೆಲ್ಲಾ, ಇದ್ಯಾಕ ಉಲ್ಟಾ ಐತಿ ಅಂತ ಸರನ್ನ ಕೇಳ್ಬೇಕು. ಕೇಳಲಿಲ್ಲಂದ್ರ ನೀ ಕೇಳಸು.”

ಕೇಳಿಸುತ್ತಿದ್ದೇನೆ. ಸರ್ ಕೆಮ್ಮುತ್ತಾರೆ, ಕನ್ನಡಕ ಒರೆಸುತ್ತಾರೆ, ಇನ್ನೇನು ಯಾವುದೋ ನೆಪ ಹೇಳಬೇಕು, ಆಗ ನಾನು ಹಿಂದಿನ ಬೆಂಚಿನಿಂದ ಬರಿಬಾಯಲ್ಲಿ ‘ಕರ್’ ಎನ್ನುತ್ತೇನೆ.

ಸರ್ ಇವತ್ತಿಗೂ ಗಾಬರಿಯಾಗಿ ಬಾಗಿಲ ಕಡೆ ನೋಡುತ್ತಾರೆ. ಅಲ್ಲಿ ಯಾರೂ ಇರುವುದಿಲ್ಲ.