ಮಿಸ್ಸಿಗೆ ನಾನು ಓದದೆ ಬಿಟ್ಟ ಪುಟಗಳು

ನಮ್ಮ ಅಮೃತಹಳ್ಳಿ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಒಂದು ಪುಸ್ತಕದ ಕಪಾಟಿದೆ. ಓದಿದ್ದನ್ನು ಇಟ್ಟು ಬೇಕಾದ್ದನ್ನು ತಗೊಂಡು ಹೋಗಬಹುದು. ಸಾಮಾನ್ಯವಾಗಿ ಅಲ್ಲಿ ಸಿಗೋದು ಹಳೇ ಸಿಇಟಿ ಗೈಡು, ಇಲ್ಲಾಂದ್ರೆ ಸಕ್ಕರೆ ಕಾಯಿಲೆಯವರ ಅಡುಗೆ ಪುಸ್ತಕ. ಹೋದ ಭಾನುವಾರ ಮಾತ್ರ ಒಂದು ದಪ್ಪನೆಯ ಇಂಗ್ಲಿಷ್ ಕಾದಂಬರಿ ಕಣ್ಣಿಗೆ ಬಿತ್ತು. ಮುಖಪುಟದ ಮೇಲೆ ನೆಲ ಗುಡಿಸುವಂಥ ರೇಷ್ಮೆ ಗೌನು ತೊಟ್ಟ ಹುಡುಗಿ, ಪಕ್ಕದಲ್ಲಿ ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡ ಸೆಟೆದ ಗಂಡಸು, ಹಿಂದೆ ಕುದುರೆಗಾಡಿ. ಗೌನಿನ ಅಂಚಿನಿಂದ ಇಣುಕ್ತಾ ಇದ್ದದ್ದು ಮಾತ್ರ ಜಾಗಿಂಗ್ ಶೂ! ಅಲ್ಲೇ ನಿಂತು ಗಟ್ಟಿಯಾಗಿ ನಕ್ಕುಬಿಟ್ಟೆ. ಯೋಗ ಕ್ಲಾಸಿನ ಹೆಂಗಸರು ತಿರುಗಿ ನೋಡಿದರು. ನಗ್ತಾ ನಗ್ತಾನೇ ಕಣ್ಣು ತುಂಬಿ ಬಂತು... ನಮ್ಮ ಲೆಕ್ಕದ ಮಿಸ್ ಇದ್ದಿದ್ದರೆ ಆ ಶೂ ಮೇಲೆ ಅರ್ಧ ಗಂಟೆ ವಾದ ಮಾಡ್ತಿದ್ದರು.

ಆರ್.ಟಿ. ನಗರದ ಶಾಲೆಯಲ್ಲಿ ಎಂಟರಿಂದ ಹತ್ತನೇ ಕ್ಲಾಸಿನವರೆಗೆ ಅವರು ನಮಗೆ ಗಣಿತ ಕಲಿಸಿದರು. ಕಲಿಸಿದರು ಅನ್ನೋದಕ್ಕಿಂತ ಅರೆದು ಕುಡಿಸಿದರು ಅನ್ನಬೇಕು. ಉತ್ತರ ಸರಿಯಿದ್ದರೂ ನಡುವೆ ಒಂದು ಸ್ಟೆಪ್ ಬಿಟ್ಟಿದ್ದರೆ ಸಾಕು, ಪುಸ್ತಕ ಕಿಟಕಿ ಕಡೆ ಹಾರುತ್ತಿತ್ತು. ನನ್ನ ಪುಸ್ತಕ ಎಷ್ಟು ಸಲ ಹಾರಿದೆ ಅಂತ ನಾನು ಹೇಳೋದಿಲ್ಲ. ಅವರ ಚಪ್ಪಲಿ ಸದ್ದು ಕಾರಿಡಾರಿನಲ್ಲಿ ಕೇಳಿದರೆ ನಾವೆಲ್ಲ ಮಾಡದ ತಪ್ಪಿಗೂ ತಲೆ ತಗ್ಗಿಸುತ್ತಿದ್ದೆವು.

ಏಳೆಂಟು ವರ್ಷದ ಹಿಂದೆ, ನನಗೆ ಮೂವತ್ತು ದಾಟಿದ ಮೇಲೆ, ತವರುಮನೆ ಬೀದಿಯ ತರಕಾರಿ ಗಾಡಿ ಹತ್ತಿರ ಅವರು ಸಿಕ್ಕರು. ಎಲೆಕೋಸನ್ನು ಕೈಯಲ್ಲಿ ಹಿಡಿದು, "ಹೂಕೋಸು ತುಂಬಾ ಚಿಕ್ಕದಪ್ಪಾ" ಅಂತ ಗಾಡಿಯವನ ಜೊತೆ ಜಗಳ ಆಡ್ತಿದ್ದರು. ನಾನು ಮೆಲ್ಲಗೆ "ಮಿಸ್, ಅದು ಎಲೆಕೋಸು" ಅಂದೆ. ತಿರುಗಿದರು. ಕಣ್ಣಿನ ಪಾಪೆ ಬೆಳ್ಳಗಾಗಿತ್ತು. ಮುಖ ಕಾಣದಿದ್ದರೂ ದನಿ ಹಿಡಿದರು ನೋಡಿ! "ಕೊನೇ ಬೆಂಚು, ಕಿಟಕಿ ಪಕ್ಕ. ಬಾ ಮನೆಗೆ."

ಮದುವೆ ಆಗಿರಲಿಲ್ಲ ಅವರಿಗೆ. ತಮ್ಮನ ಮನೆಯ ಮುಂದಿನ ಕೋಣೆ ಅವರದು. ಮೇಜಿನ ಮೇಲೆ ಬ್ರೌನ್ ಪೇಪರ್ ಬೈಂಡ್ ಹಾಕಿದ ಪುಸ್ತಕಗಳ ರಾಶಿ. ಲೇಬಲ್ ಮೇಲೆ ಚೊಕ್ಕವಾಗಿ "ಬೀಜಗಣಿತ ೧", "ಬೀಜಗಣಿತ ೨". ಕಾಫಿ ತಂದ ತಮ್ಮನ ಹೆಂಡತಿ ಹೆಮ್ಮೆಯಿಂದ ಹೇಳಿದರು: "ಅತ್ತಿಗೆ ಈ ವಯಸ್ಸಲ್ಲೂ ಲೆಕ್ಕ ಬಿಟ್ಟಿಲ್ಲ ನೋಡಿ." ಆಕೆ ಅತ್ತ ಹೋಗೋದೇ ತಡ, ಮಿಸ್ ಬಾಗಿಲು ಮುಂದೆ ಮಾಡಿ ಒಂದು ಬೀಜಗಣಿತ ನನ್ನ ಕೈಗಿಟ್ಟರು. ಬಿಚ್ಚಿ ನೋಡಿದರೆ... ಪ್ರೇಮ ಕಾದಂಬರಿ!

ಇನ್ನೂರು ವರ್ಷದ ಹಿಂದಿನ ಇಂಗ್ಲೆಂಡಿನ ಕಥೆ ಅದು. ರೀಜೆನ್ಸಿ ಕಾಲ ಅಂತಾರಂತೆ. ಡ್ಯೂಕುಗಳು, ಬಾಲ್ ಡ್ಯಾನ್ಸು, ಚೀಟಿಯಲ್ಲಿ ಪ್ರೇಮ. ಈ ಸರಣಿಯಲ್ಲಿ ಇನ್ನೊಂದು ವಿಶೇಷ: ಇವತ್ತಿನ ಲಂಡನ್ನಿನ ಒಬ್ಬ ನರ್ಸ್ ಹುಡುಗಿ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತವಳು ಏಳೋ ಹೊತ್ತಿಗೆ ಆ ಕಾಲಕ್ಕೆ ಹೋಗಿಬಿಟ್ಟಿರುತ್ತಾಳೆ. ಒಬ್ಬ ಡ್ಯೂಕನ ಮೇಲೆ ಮನಸ್ಸಾಗುತ್ತದೆ. ಅಲ್ಲೇ ಇರಬೇಕೋ, ವಾಪಸ್ ಬರಬೇಕೋ ಅನ್ನೋದೇ ನಾಲ್ಕು ಸಂಪುಟದ ಪ್ರಶ್ನೆ. ಮಿಸ್ ಮೊದಲನೇದರ ಒಂದು ಅಧ್ಯಾಯ ಮುಗಿಸಿದ್ದರು, ಅಷ್ಟರಲ್ಲಿ ಅಕ್ಷರ ಮಸುಕಾಗಿತ್ತು. ಭೂತಗನ್ನಡಿ ಇಟ್ಟರೂ ಆಗುತ್ತಿರಲಿಲ್ಲ.

"ಶನಿವಾರ ಮಧ್ಯಾಹ್ನ ಬಂದು ಓದಿ ಹೇಳ್ತೀಯಾ?" ಅಂದರು. ನನ್ನ ಜನ್ಮದಲ್ಲಿ ಅವರು ನನ್ನನ್ನು ಏನಾದರೂ ಕೇಳಿಕೊಂಡದ್ದು ಅದೇ ಮೊದಲು. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ.

ಅಯ್ಯೋ, ಆ ಶನಿವಾರಗಳು! ತಮ್ಮನ ಹೆಂಡತಿ ಕಾಫಿ ಹಿಡಿದು ಬಂದರೆ ನಾನು ಡ್ಯೂಕನನ್ನು ಅಲ್ಲೇ ಕೈಬಿಟ್ಟು "ಎಕ್ಸ್ ಸ್ಕ್ವೇರ್ ಪ್ಲಸ್ ಟೂ ಎಕ್ಸ್" ಅಂತ ಶುರು ಮಾಡ್ತಿದ್ದೆ. ಮಿಸ್ ಗಂಭೀರವಾಗಿ "ಹ್ಞೂಂ, ಮುಂದೆ" ಅನ್ನುತ್ತಿದ್ದರು. ಆಕೆ ಹೋದ ಮೇಲೆ ಇಬ್ಬರೂ ಸೆರಗು ಬಾಯಿಗಿಟ್ಟು ನಗೋದು. ಬೆತ್ತ ಹಿಡಿದ ಕೈ ಅದೇನಾ ಅಂತ ನನಗೆ ಆಶ್ಚರ್ಯ.

ಓದೋದಷ್ಟೇ ಅಲ್ಲ, ಅಭಿಪ್ರಾಯ ಬೇರೆ. ನನ್ನ ಫೋನಿನಲ್ಲಿ ಇಂಥ ಕಾದಂಬರಿ ಓದುವವರದೇ ಒಂದು ಗುಂಪು ಹುಡುಕಿ ಮಿಸ್ಸನ್ನು ಸೇರಿಸಿದೆ. ಎಲ್ಲೆಲ್ಲಿಯೋ ದೇಶದ ಹೆಂಗಸರು. ಅವರಲ್ಲಿ ಅರ್ಧ ಜನ, ಹಳೇ ಕಾಲದ ಕಥೆಗೆ ಈ ಕಾಲದ ಹುಡುಗಿಯನ್ನ ತಂದು ತುರುಕೋದೇ ತಪ್ಪು, ಸೊಗಸೆಲ್ಲ ಕೆಡುತ್ತೆ ಅನ್ನೋರು. ಇನ್ನರ್ಧ ಜನ, ಪ್ರೀತಿಗಾಗಿ ಕಾಲ ದಾಟಿದರೆ ಏನಾಯ್ತು, ಅಲ್ಲೇ ಇರಲಿ ಅನ್ನೋರು. ನಮ್ಮ ಮಿಸ್ ಎರಡು ಪಕ್ಷಕ್ಕೂ ಸೇರದೆ ಮಧ್ಯಕ್ಕೆ ಬಂದು ನಿಂತರು. ಅವರು ಹೇಳಿದ್ದನ್ನು ನಾನು ಬರೆದು ಹಾಕುತ್ತಿದ್ದೆ. "ಕಾಲ ದಾಟಲಿ, ನನ್ನದೇನೂ ತಕರಾರಿಲ್ಲ. ಆದರೆ ಹಲ್ಲುನೋವು ಬಂದರೆ? ಆ ಕಾಲದಲ್ಲಿ ಮರಗಟ್ಟಿಸೋ ಇಂಜೆಕ್ಷನ್ ಇರಲಿಲ್ಲ. ಕ್ಷೌರಿಕ ಇಕ್ಕಳ ಹಾಕಿ ಕೀಳ್ತಿದ್ದ. ನರ್ಸ್ ಆಗಿದ್ದುಕೊಂಡು ಇಷ್ಟು ಗೊತ್ತಾಗಲ್ವಾ? ಡ್ಯೂಕನನ್ನೇ ಇಲ್ಲಿಗೆ ಕರಕೊಂಡು ಬರಲಿ." ಇದಕ್ಕೆ ಬಂದ ಉತ್ತರಗಳು ಮುನ್ನೂರು ದಾಟಿದವು. ಬೆಂಗಳೂರಿನ ಗಣಿತದ ಮೇಡಂ ಏನಂತಾರೆ ಅಂತ ಜನ ಕಾಯೋಕೆ ಶುರು ಮಾಡಿದರು.

ಇಲ್ಲಿ ನನ್ನ ಕಳ್ಳತನ ಒಪ್ಪಿಕೊಳ್ಳಬೇಕು. ಆ ಪುಸ್ತಕಗಳಲ್ಲಿ ಡ್ಯೂಕು ಸುಮ್ಮನೆ ಕೂರುವವನಲ್ಲ. ಎರಡು ಅಧ್ಯಾಯಕ್ಕೊಮ್ಮೆ ಆ ಹುಡುಗಿಯನ್ನು ಬಾಚಿ ತಬ್ಬಿಕೊಳ್ಳುತ್ತಾನೆ, ಆಮೇಲೆ ಮೇಣದಬತ್ತಿ ಆರಿಸುತ್ತಾನೆ, ಆಮೇಲೆ... ಹೈಸ್ಕೂಲಿನ ಲೆಕ್ಕದ ಮಿಸ್ಸಿನ ಎದುರು ಅದನ್ನು ಗಟ್ಟಿಯಾಗಿ ಓದೋದು ಹೇಗೆ ಸ್ವಾಮಿ? ನನ್ನ ನಾಲಿಗೆ ಏಳಲಿಲ್ಲ. ಅವನು ತೋಳು ಚಾಚಿದ ಅಂತ ಕಂಡ ಕೂಡಲೇ ನಾಲ್ಕು ಪುಟ ಒಟ್ಟಿಗೆ ಮಗುಚಿ, "ಮರುದಿನ ಬೆಳಿಗ್ಗೆ" ಅಂತ ಮುಂದುವರಿಸುತ್ತಿದ್ದೆ. ಪಾಪ ಮಿಸ್ಸಿಗೆ ಡ್ಯೂಕನ ಮೇಲೆ ಗೌರವ ಉಕ್ಕಿ ಬಂತು. ಗುಂಪಿಗೆ ಬರೆಸಿದರು: "ಈ ಮನುಷ್ಯನ ಸಂಯಮ ನೋಡಿ ಕಲಿಯಬೇಕು. ಮೂರು ಸಂಪುಟ ಮುಗಿದರೂ ಆಕೆಗೆ ಕಿರುಬೆರಳು ಸೋಕಿಸಿಲ್ಲ." ಉತ್ತರವಾಗಿ ಬರೀ ನಗುವ ಮುಖಗಳು. ಒಬ್ಬಾಕೆ, "ಮೇಡಂ, ನಿಮ್ಮದು ಯಾವ ಮುದ್ರಣ?" ಅಂತ ಕೇಳಿದ್ದಳು. "ಏನಂತಾರೆ ಎಲ್ಲರೂ?" ಅಂತ ಮಿಸ್ ಕೇಳಿದರು. "ಎಲ್ಲರೂ ಒಪ್ಪಿದಾರೆ ಮಿಸ್" ಅಂದೆ.

ಇದೆಲ್ಲ ತಮಾಷೆ. ತಮಾಷೆ ಅಲ್ಲದ್ದು ಅವರ ಕಣ್ಣು. ಪೊರೆ ಬಲಿತು ಹೋಗಿದೆ, ಇನ್ನೂ ತಡ ಮಾಡಿದರೆ ಒಳಗೆ ಪ್ರೆಷರ್ ಏರಿ ಆಮೇಲೆ ಆಪರೇಷನ್ ಮಾಡಿದರೂ ದೃಷ್ಟಿ ಬರಲ್ಲ ಅಂತ ಡಾಕ್ಟರು ತಮ್ಮನಿಗೆ ಬಿಡಿಸಿ ಹೇಳಿದ್ದರು. ಎರಡು ವರ್ಷದಿಂದ ಮಿಸ್ ಒಂದೇ ಹಠ: ಕಣ್ಣಿಗೆ ಚಾಕು ಮುಟ್ಟಿಸಲ್ಲ. ಯಾಕೆ ಅಂತ ನನಗೊಬ್ಬಳಿಗೆ ಹೇಳಿದರು. ಅವರ ತಾಯಿಗೆ ಎಷ್ಟೋ ವರ್ಷದ ಹಿಂದೆ ಯಾವುದೋ ಊರಿನ ಶಿಬಿರದಲ್ಲಿ ಕಣ್ಣು ಕೊಯ್ದಿದ್ದರು. ಕಟ್ಟು ಬಿಚ್ಚಿದಾಗ ಇದ್ದ ಮಸುಕು ಬೆಳಕೂ ಇರಲಿಲ್ಲವಂತೆ. "ಇಷ್ಟಾದರೂ ಕಾಣ್ತಿದೆ ಕಣೇ. ಇದೂ ಹೋದರೆ?" ಅಂದರು. ಅವರ ದನಿಯಲ್ಲಿ ಹೆದರಿಕೆ ನಾನು ಮೊದಲ ಸಲ ಕೇಳಿದ್ದು. ನನಗೆ ತುಂಬಾ ಸಂಕಟವಾಯಿತು.

ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ. ಒಂದು ಶನಿವಾರ ಹೇಳಿಯೇ ಬಿಟ್ಟೆ: "ಇಂಜೆಕ್ಷನ್ ಇಲ್ಲದ ಕಾಲದಲ್ಲಿ ಆ ಹುಡುಗಿ ಯಾಕಿರಬೇಕು ಅಂತ ಊರಿಗೆಲ್ಲ ಬರೆಸ್ತೀರ. ಎಲ್ಲ ಇರೋ ಕಾಲದಲ್ಲಿ ಕೂತ್ಕೊಂಡು ನೀವು ಮಾಡ್ತಿರೋದೇನು ಮಿಸ್? ಆರ್.ಟಿ. ನಗರದಲ್ಲಿದ್ರೂ ನೀವು ಇರೋದು ಡ್ಯೂಕನ ಕಾಲದಲ್ಲೇ."

"ಎದ್ದು ಹೋಗು" ಅಂದರು. ಹೋದೆ. ಮೂರು ವಾರ ಫೋನ್ ಇಲ್ಲ. ನಾನೂ ಮಾಡಲಿಲ್ಲ, ನನಗೂ ಮೂಗಿನ ತುದಿಯಲ್ಲೇ ಕೋಪ. ನಾಲ್ಕನೇ ವಾರ ತಮ್ಮನ ಹೆಂಡತಿ ಫೋನ್ ಮಾಡಿ, "ಅತ್ತಿಗೆಗೆ ಯಾವುದೋ ಲೆಕ್ಕ ಅರ್ಧಕ್ಕೆ ನಿಂತಿದೆಯಂತೆ, ಬರಬೇಕಂತೆ" ಅಂದರು.

ನಾಲ್ಕನೇ ಸಂಪುಟ. ಇಬ್ಬರೂ ಏನೂ ಆಗದವರ ಹಾಗೆ ಕೂತೆವು. ಮೊದಲ ಅಧ್ಯಾಯ ನಾನು ಮುಂಚೆ ಓದಿ ನೋಡಿರಲಿಲ್ಲ, ಅದೇ ಎಡವಟ್ಟಾಗಿದ್ದು. ಹುಡುಗಿ ಬೆಳಿಗ್ಗೆ ಎದ್ದವಳು ವಾಂತಿ ಮಾಡ್ತಾಳೆ. ಉಪ್ಪಿನಕಾಯಿ ಕೇಳ್ತಾಳೆ. ಅಯ್ಯಯ್ಯೋ ಅಂತ ನನಗೆ ಹೊಳೆಯೋ ಹೊತ್ತಿಗೆ ಬಾಯಿಂದ ವಾಕ್ಯ ಹೊರಗೆ ಬಂದಾಗಿತ್ತು: ಅವಳು ನಾಲ್ಕು ತಿಂಗಳ ಬಸುರಿ!

"ನಿಲ್ಲಿಸು" ಅಂದರು ಮಿಸ್. "ಮದುವೆ ಆಗಿಲ್ಲ. ಕಿರುಬೆರಳು ಸೋಕಿಲ್ಲ. ಬಸುರಿ ಹೇಗಾದಳು?"

"ಅದು... ಟೈಮ್ ಟ್ರಾವೆಲ್ ಎಫೆಕ್ಟ್ ಇರಬೇಕು ಮಿಸ್" ಅಂದೆ.

ಅವರ ತುಟಿ ಅದುರಿತು. ಬೈತಾರೆ ಅಂದುಕೊಂಡೆ. ನಕ್ಕರು ನೋಡಿ, ಆ ನಗು! ಹೊಟ್ಟೆ ಹಿಡಿದುಕೊಂಡು, ಕೆಮ್ಮು ಬರೋ ಹಾಗೆ, ಕಣ್ಣಲ್ಲಿ ನೀರು ಸುರಿಯೋ ಹಾಗೆ. ತಮ್ಮನ ಹೆಂಡತಿ ಓಡಿ ಬಂದರು. ಎಕ್ಸ್ ಸ್ಕ್ವೇರ್ ಅನ್ನೋಕೂ ನನ್ನಿಂದ ಆಗಲಿಲ್ಲ.

"ಒಂದು ಅಧ್ಯಾಯ ಇಪ್ಪತ್ತು ನಿಮಿಷ, ಇನ್ನೊಂದು ಎಂಟು ನಿಮಿಷ. ಆವಾಗಲೇ ಅನುಮಾನ ಬಂದಿತ್ತು ನನಗೆ. ನೀನು ಹುಟ್ಟಾ ಸ್ಟೆಪ್ ಬಿಡೋಳು. ನಿಜ ಹೇಳು, ಎಷ್ಟು ಪುಟ?"

"ಮೂರೂ ಸೇರಿ ಎಂಬತ್ತು ಇರಬಹುದು ಮಿಸ್."

"ಎಂಬತ್ತು! ಆ ಗುಂಪಿನವರು ನನ್ನ ಬಗ್ಗೆ ಏನಂದುಕೊಂಡಿರಬೇಕು!" ಆಮೇಲೆ ಬೆರಳಿನಿಂದ ಪುಸ್ತಕದ ಅಂಚು ಸವರಿದರು. "ಬೇರೆಯವರ ಕಣ್ಣಲ್ಲಿ ಓದಿದ್ದು ಸಾಕಾಯ್ತು ಕಣೇ. ಡಾಕ್ಟರ ಹತ್ರ ಡೇಟ್ ಕೇಳು."

ಹೆಬ್ಬಾಳದ ಕಡೆಯ ಆಸ್ಪತ್ರೆಯಲ್ಲಿ ಒಳಗೆ ಕರೆಯುವವರೆಗೂ ಅವರು ನನ್ನ ಕೈ ಬಿಡಲಿಲ್ಲ. ನಾಲ್ಕೈದು ಸಲ "ಅಮ್ಮ" ಅಂದರು. ಹೊರಗೆ ಕೂತ ಅರ್ಧ ಗಂಟೆ ನಾನು ಹೊರದ ಹರಕೆ ಇಲ್ಲ. ನಾನೇ ಕಾಡಿಸಿ ಕರಕೊಂಡು ಬಂದವಳು... ಏನಾದರೂ ಆದರೆ ನಾನು ಅವರಿಗೆ ಮುಖ ತೋರಿಸೋದಾದರೂ ಹೇಗೆ?

ಮರುದಿನ ಕಣ್ಣಿನ ಪಟ್ಟಿ ತೆಗೆದರು. ಮಿಸ್ ಎರಡು ಸಲ ರೆಪ್ಪೆ ಬಡಿದರು. ಗೋಡೆ ನೋಡಿದರು, ಕ್ಯಾಲೆಂಡರ್ ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಏನೇ ಇದು, ಇಷ್ಟು ದಪ್ಪ ಆಗಿದೀಯ!" ಅಂದರು.

ನನ್ನ ಜೀವನದಲ್ಲಿ ಆ ಮಾತು ಕೇಳಿ ನಾನು ಖುಷಿಯಿಂದ ಅತ್ತಿದ್ದು ಅದೊಂದೇ ಸಲ.

ಎರಡನೇ ಕಣ್ಣೂ ಮುಂದಿನ ತಿಂಗಳು ಸರಿಯಾಯಿತು. ಡಾಕ್ಟರು ಸರಿ ಅಂದ ದಿನದಿಂದ ಹಿಡಿದು ನಾಲ್ಕೂ ಸಂಪುಟ ಮೊದಲಿನಿಂದ ಓದಿದರು, ಒಂದು ಸಾಲೂ ಬಿಡದೆ. ನನಗೆ ಫೋನ್ ಬರ್ತಿತ್ತು: "ನೂರಾ ಹನ್ನೆರಡನೇ ಪುಟ ಬಿಟ್ಟಿದ್ದೀಯ. ಕಳ್ಳಿ! ಚೆನ್ನಾಗಿದೆ ಕಣೇ ಅದು." ಗುಂಪಿಗೆ ತಾವೇ ಬರೆದರು: ಡ್ಯೂಕನ ಸಂಯಮದ ಬಗ್ಗೆ ಹೇಳಿದ್ದನ್ನು ವಾಪಸ್ ತಗೊಂಡಿದ್ದೇನೆ, ತಪ್ಪು ನನ್ನ ಶಿಷ್ಯೆಯದು. ಹುಡುಗಿ ಕೊನೆಗೆ ಅಲ್ಲೇ ಉಳಿದುಬಿಟ್ಟಳು ಅನ್ನೋದನ್ನು ಮಾತ್ರ ಒಪ್ಪಲೇ ಇಲ್ಲ. "ಕಣ್ಣಿಗೆ ಪೊರೆ ಬಂದರೆ ಏನು ಮಾಡ್ತಾಳೆ ಆ ಪೆದ್ದಿ?" ಅಂತ ಬರೆದಿದ್ದರು. ಆಮೇಲಿನ ನಾಲ್ಕು ವರ್ಷ ಅವರು ಓದಿದ್ದಕ್ಕೆ ಲೆಕ್ಕವಿಲ್ಲ. ಬ್ರೌನ್ ಪೇಪರ್ ಬೈಂಡೂ ತೆಗೆದುಹಾಕಿದರು. ತಮ್ಮನ ಹೆಂಡತಿ ಒಂದು ಸಂಪುಟ ತಗೊಂಡು ಹೋದವರು ವಾಪಸ್ಸೇ ಕೊಡಲಿಲ್ಲವಂತೆ.

ಹೋದ ವರ್ಷ, ಒಂದು ಬೆಳಿಗ್ಗೆ, ತಿಂಡಿ ತಿಂದು ಕುರ್ಚಿಯಲ್ಲಿ ಕೂತವರು ಹಾಗೇ ಹೋಗಿಬಿಟ್ಟರು. ಕಾಯಿಲೆ ಇಲ್ಲ, ಕಸಾಲೆ ಇಲ್ಲ. ಫೋನ್ ಮಾಡಿದ ಅವರ ತಮ್ಮ ಕೊನೆಯಲ್ಲಿ ಇನ್ನೊಂದು ಮಾತು ಹೇಳಿದರು: "ಅಕ್ಕನ ಕಣ್ಣು ತಗೊಂಡು ಹೋದ್ರಮ್ಮ. ಇಬ್ಬರಿಗೆ ಹಾಕ್ತಾರಂತೆ." ನನಗೆ ಗೊತ್ತೇ ಇರಲಿಲ್ಲ. ಎರಡನೇ ಕಣ್ಣಿನ ಚೆಕಪ್ಪಿನ ದಿನ ನನ್ನನ್ನು ಡ್ರಾಪ್ಸ್ ತರೋಕೆ ಕಳಿಸಿ, ಆ ಹತ್ತು ನಿಮಿಷದಲ್ಲಿ ನೇತ್ರದಾನದ ಫಾರಂ ತಾವೇ ಓದಿ ಸಹಿ ಹಾಕಿದ್ದರಂತೆ. ಚಾಕು ಅಂದರೆ ನಡುಗುತ್ತಿದ್ದ ನನ್ನ ಮಿಸ್!

ಅವರಿಲ್ಲದ ಶನಿವಾರ ನನಗೆ ಇನ್ನೂ ರೂಢಿಯಾಗಿಲ್ಲ. ಮಧ್ಯಾಹ್ನ ಸುಮ್ಮನೆ ಮನೆಯೊಳಗೆ ಓಡಾಡುತ್ತೇನೆ. ಆ ಕಣ್ಣು ಯಾರಿಗೆ ಹಾಕಿದರು ಅಂತ ಆಸ್ಪತ್ರೆಯವರು ಹೇಳೋದಿಲ್ಲ, ಅದು ಅವರ ನಿಯಮ. ಅದಕ್ಕೇ ನಾನು ಬಸ್ಸಿನಲ್ಲಿ, ಪಾರ್ಕಿನಲ್ಲಿ, ಯಾರು ಪುಸ್ತಕ ಹಿಡಿದು ಕೂತಿದ್ದರೂ ಒಂದು ನಿಮಿಷ ನಿಂತು ಅವರ ಕಣ್ಣು ನೋಡಿಯೇ ಮುಂದೆ ಹೋಗೋದು.