ನೆಲ ಬಿಡದ ಹಿಮ್ಮಡಿ

ಮಹಾರಾಷ್ಟ್ರದ ಜಳಗಾವಿಗೆ ಬಂದ ಮೂರನೇ ದಿನ, ನನಗಿಂತ ಇಪ್ಪತ್ತು ವರ್ಷ ದೊಡ್ಡ ಹೆಂಗಸೊಬ್ಬರು ಮೈದಾನದ ನಡುವೆ ಮಂಡಿಯೂರಿ ಕೂತು ನನ್ನ ಕಾಲು ಹಿಡಿದುಕೊಂಡರು. "ಅಯ್ಯಯ್ಯೋ!" ಎಂದು ಎರಡು ಹೆಜ್ಜೆ ಹಿಂದಕ್ಕೆ ಹಾರಿದೆ. ನಮ್ಮ ಹೊನ್ನವಳ್ಳಿಯಲ್ಲಿ ದೊಡ್ಡವರ ಕಾಲನ್ನು ಚಿಕ್ಕವರು ಮುಟ್ಟುತ್ತಾರೆ. ಇಲ್ಲಿ ಎಲ್ಲ ಉಲ್ಟಾ. ಸುತ್ತ ನಿಂತ ಹುಡುಗಿಯರು ಬಿದ್ದು ಬಿದ್ದು ನಕ್ಕರು. ಅವರು ನಮ್ಮ ಸಾಫ್ಟ್‌ಬಾಲ್ ಕೋಚ್. ಎಲ್ಲರೂ 'ತಾಈ' ಎನ್ನುತ್ತಾರೆ, ಮರಾಠಿಯಲ್ಲಿ ಅಕ್ಕ ಎಂದು. ತಾಈ ಮತ್ತೆ ನನ್ನ ಬಲ ಹಿಮ್ಮಡಿ ಹಿಡಿದು ನಲ್ಲಿ ತಿರುಗಿಸಿದಂತೆ ತಿರುಗಿಸಿದರು. "ಬ್ಯಾಟ್ ಬೀಸುವಾಗ ಇದು ತಿರುಗಬೇಕು. ನೀನು ಬರೀ ಕೈಯಲ್ಲಿ ಹೊಡೀತಿದೀಯ."

ದೈಹಿಕ ಶಿಕ್ಷಣ ಓದಲೆಂದು ತಿಪಟೂರಿನಲ್ಲಿ ರೈಲು ಹತ್ತಿದವಳು ನಾನು. ತಿಪಟೂರಿನ ಕಾಲೇಜಿನಲ್ಲಿ ನನ್ನಷ್ಟು ಜೋರಾಗಿ ಹೊಡೆಯುವವರೇ ಇರಲಿಲ್ಲ. ಇಲ್ಲಿ ನೋಡಿದರೆ ಕಡ್ಡಿಯಂಥ ಹುಡುಗಿಯರು ಚೆಂಡನ್ನು ಬೇಲಿಯಾಚೆ ಕಳಿಸುತ್ತಾರೆ, ನಾನು ಹೊಡೆದದ್ದು ಚೆಂಡು ಎಸೆದವಳ ಕಾಲ ಬಳಿಯೇ ಉರುಳಿ ನಿಲ್ಲುತ್ತದೆ. ತಾಈ ಕಡ್ಡಿ ಮುರಿದಂತೆ ಹೇಳಿದರು: ತಿಂಗಳ ಕೊನೆಯ ಆಯ್ಕೆ ಪಂದ್ಯದೊಳಗೆ ಕಾಲು ಸರಿಹೋಗದಿದ್ದರೆ ತಂಡದಲ್ಲಿ ಜಾಗವಿಲ್ಲ. ನಾನು ಹೊರಡುವಾಗ ಸೋದರಮಾವ ಬಸ್‌ಸ್ಟ್ಯಾಂಡಿನಲ್ಲೇ ಅಂದಿದ್ದ, "ಹೆಣ್ಣುಡ್ಗಿ ದೊಣ್ಣೆ ಬೀಸಕ್ಕೆ ಅಷ್ಟು ದೂರ ಹೋಗ್ಬೇಕಾ? ತಿಂಗ್ಳೊಳಗೆ ವಾಪಸ್ ಬತ್ತಾಳೆ ಬುಡು." ಆ 'ಬುಡು' ನನ್ನ ಕಿವಿಯಿಂದ ಇಳಿದಿರಲಿಲ್ಲ. ಸತ್ತರೂ ಹಾಗೆ ವಾಪಸ್ ಹೋಗಬಾರದು ಅಂದುಕೊಂಡೆ.

ಊಟದ ಕಥೆ ಬೇರೆಯೇ. ನಮ್ಮಲ್ಲಿ ಕಾಯಿ ಇಲ್ಲದೆ ಸಾರಿಲ್ಲ, ಇಲ್ಲಿ ಪಲ್ಯಕ್ಕೂ ಶೇಂಗಾ ಪುಡಿ. ಭಾಕ್ರಿ ಎಂದರೆ ಜೋಳದ ರೊಟ್ಟಿ, ಜೊತೆಗೆ ಹಸಿಮೆಣಸಿನಕಾಯಿ ಕುಟ್ಟಿದ ಠೇಚಾ. ಮೊದಲ ವಾರ ಕಣ್ಣಲ್ಲಿ ನೀರು ಹಾಕಿಕೊಂಡೇ ತಿಂದೆ, ಪಾಪ ಎಲ್ಲರೂ ಖಾರಕ್ಕೆ ಅಂದುಕೊಂಡರು. ಒಂದು ದಿನ ಕಿರಾಣಿ ಅಂಗಡಿಯಲ್ಲಿ ಗಿಟುಕು ಕೊಬ್ಬರಿ ಕಂಡು ಎಲ್ಲಿಯದು ಎಂದು ಕೇಳಿದೆ. ಅಂಗಡಿಯವನು ಹೆಮ್ಮೆಯಿಂದ "ತಿಪಟೂರ್ ಮಾಲ್, ಒಂದನೇ ನಂಬರ್" ಅಂದ. ಅದಕ್ಕಿರುವ ಮರ್ಯಾದೆ ನನಗಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ಹಿಮ್ಮಡಿ ಯಾಕೆ ತಿರುಗುತ್ತಿಲ್ಲ ಎಂಬುದು ನನಗೆ ಗೊತ್ತಿತ್ತು. ನನ್ನ ಅವ್ವ ಕಾಯಿ ಸುಲಿಯುವವಳು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಚುಚ್ಚಿ, ಮೈಭಾರ ಬಿಟ್ಟು ಸಿಪ್ಪೆ ಬಿಡಿಸಬೇಕು. ಗಂಡಸರ ಕೆಲಸ ಎಂದವರ ಮುಂದೆಯೇ ಅವ್ವ ಅದನ್ನು ಮಾಡಿದಳು, ನನಗೂ ಕಲಿಸಿದಳು. "ಪಾದ ಅಲ್ಲಾಡುಸ್ಬೇಡ ಕಣೇ. ಕಾಲು ಜಾರಿದ್ರೆ ಅಂಗೈ ಮೊನೆ ಮೇಲೆ." ಆ ಭಯ ಹಿಮ್ಮಡಿಯಲ್ಲಿ ಕೂತುಬಿಟ್ಟಿತ್ತು. ಜೋರು ಹಾಕಬೇಕಾದಾಗಲೆಲ್ಲ ಎರಡೂ ಪಾದ ನೆಲಕ್ಕೆ ಅಂಟಿಕೊಳ್ಳುತ್ತಿದ್ದವು.

ಫೋನಿನಲ್ಲಿ ಅವ್ವನ ಮೇಲೆ ರೇಗಿದೆ. "ನೀನು ಕಲ್ಸಿದ್ದಕ್ಕೇ ನನ್ನ ಕಾಲು ಕೆಟ್ಟಿದ್ದು!"

"ಆಹಾ! ಸುಲಿಯೋದೊಂದೇನಾ ನಾನು ಕಲ್ಸಿದ್ದು? ಅಟ್ಟಕ್ಕೆ ಕಾಯಿ ಎಸೀವಾಗ ನಿನ್ ಕಾಲು ಗೂಟ ಹೊಡ್ಕೊಂಡು ನಿಂತಿರ್ತಿತ್ತಾ?"

ಇಲ್ಲ, ಹಾಗೆ ನಿಂತಿರುತ್ತಿರಲಿಲ್ಲ. ಕೊಬ್ಬರಿಯಾಗಲು ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿಸುತ್ತೇವೆ. ಕೆಳಗಿನಿಂದ ಎರಡೂ ಕೈಯಲ್ಲಿ ಹಿಡಿದು, ಪಕ್ಕಕ್ಕೆ ತಿರುಗಿ, ಮೇಲಕ್ಕೆ ಎಸೆಯುತ್ತಿದ್ದೆ. ಬರೀ ತೋಳಲ್ಲಿ ಎಸೆದರೆ ಹತ್ತು ಕಾಯಿಗೇ ಭುಜ ಬಿದ್ದುಹೋಗುತ್ತದೆ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ, ಮೈದಾನದ ಗೋಡೆಗೆ ಭಾರದ ರಬ್ಬರ್ ಚೆಂಡು ಎಸೆಯತೊಡಗಿದೆ, ಅಟ್ಟಕ್ಕೆ ಎಸೆದ ಹಾಗೆಯೇ. ಭಾರ ಮೊದಲು ಬಲಗಾಲಿನಲ್ಲಿ. ಎಡಗಾಲು ಮುಂದಿಟ್ಟು ಗಟ್ಟಿಯಾಗಿ ನಿಂತ ಕೂಡಲೇ ಬಲ ಹಿಮ್ಮಡಿ ತಾನೇ ಎದ್ದು ತಿರುಗಿತು, ಮಂಡಿ ಹೊರಳಿತು, ಸೊಂಟ ತಿರುಗಿ ಭುಜವನ್ನು ಎಳೆದುಕೊಂಡಿತು. ಕೈ ಬಂದದ್ದು ಎಲ್ಲಕ್ಕಿಂತ ಕೊನೆಗೆ. ಹಿಂದೆ ಯಾವಾಗಲೋ ಬಂದು ನಿಂತಿದ್ದ ತಾಈ, "ಇದನ್ನು ಎಲ್ಲಿ ಕಲಿತೆ?" ಎಂದರು. "ನಮ್ಮನೇಲಿ," ಎಂದೆ. ತುಸು ಜಂಭದಿಂದಲೇ ಹೇಳಿದೆ.

ಆಯ್ಕೆ ಪಂದ್ಯದಲ್ಲಿ ಮೊದಲೆರಡು ಚೆಂಡಿಗೆ ಬರೀ ಗಾಳಿ ಹೊಡೆದೆ. ಮೂರನೆಯದೂ ತಪ್ಪಿದರೆ ಔಟ್. ಮನಸ್ಸಿನಲ್ಲಿ ಅಟ್ಟ ನೆನೆದು ಬೀಸಿದೆ. ಚೆಂಡು ಬೇಲಿ ದಾಟಿತು. "ಬಂತು ಕಂಬರ್!" ಎಂದು ತಾಈ ಕೂಗಿದರು. ಕಂಬರ್ ಎಂದರೆ ಸೊಂಟ. ಹೆಸರು ಪಟ್ಟಿಯಲ್ಲಿ ಬಂದ ದಿನ ಅದರ ಫೋಟೋ ತೆಗೆದು ಮಾವನಿಗೇ ಮೊದಲು ಕಳಿಸಿದೆ.

ದೀಪಾವಳಿ ರಜೆಗೆ ಊರಿಗೆ ಹೋದೆ. ಅವ್ವನ ಪಕ್ಕದ ಮೊನೆಯ ಮುಂದೆ ನಿಂತು ಸುಲಿಯತೊಡಗಿದೆ. ಮೂರನೇ ಕಾಯಿಗೆ ಜೋರು ಹಾಕಿದೆ ನೋಡಿ, ಹಿಮ್ಮಡಿ ತನ್ನಷ್ಟಕ್ಕೆ ತಿರುಗಿತು. ಕಾಯಿ ಜಾರಿ ಮೊನೆ ಮಣಿಕಟ್ಟು ಗೀರಿತು. ಜಗಲಿಯಲ್ಲಿ ಕೂತಿದ್ದ ಮಾವ ಅಂದ, "ಕಾಲು ಅಲ್ಲಿಯೋರ ಪಾಲಾಯ್ತು. ಇನ್ನಿದು ನಿನ್ ಕೆಲ್ಸ ಅಲ್ಲ, ಬುಡು."

ಗಾಯಕ್ಕಿಂತ ಆ ಮಾತು ಉರಿಯಿತು. ಅಲ್ಲಿ ನಾನು ಊರಿನ ಕಾಲು ತಂದವಳು, ಇಲ್ಲಿ ಅಲ್ಲಿಯ ಕಾಲು ತಂದವಳು. "ಬುಡಲ್ಲ ಮಾವ," ಎಂದೆ. "ಇದನ್ನೂ ಬುಡಲ್ಲ, ಅದನ್ನೂ ಬುಡಲ್ಲ."

ಅವ್ವ ಸೆರಗಿನ ತುದಿ ಹರಿದು ನನ್ನ ಕೈಗೆ ಕಟ್ಟಿದಳು. "ಅವ್ರದ್ದೂ ಅಲ್ಲ, ನಮ್ದೂ ಅಲ್ಲ. ಕಾಲು ನಿಂದು ಕಣೇ," ಎಂದು ಇನ್ನೊಂದು ಕಾಯಿಯನ್ನು ನನ್ನ ಕಡೆ ತಳ್ಳಿದಳು.

ಹಿಮ್ಮಡಿ ಒತ್ತಿ ನಿಂತೆ. ಈ ಸಲ ಅದು ನೆಲ ಬಿಡಲಿಲ್ಲ.